ಹಳದಿ ಮುದ್ರೆಯ ಹತ್ತು ಡಾಲರ್

ದೂರು ಠಾಣೆಗೆ ಬಂದದ್ದು 2025ರ ಫೆಬ್ರವರಿ 10, ಸೋಮವಾರ, ಬೆಳಗ್ಗೆ 11 ಗಂಟೆ 10 ನಿಮಿಷಕ್ಕೆ. ಕಳುವಾದ ಸ್ವತ್ತು ಎಂಬಲ್ಲಿ ‘ಹತ್ತು ಡಾಲರ್ ನೋಟು, ಒಂದು’ ಎಂದು ಬರೆದಿತ್ತು. ತುಮಕೂರು ನಗರದ ಆ ಠಾಣೆಗೆ ಸರ ಹೋಯಿತು, ಬೈಕು ಹೋಯಿತು ಎಂದು ಬರುವವರೇ ಹೆಚ್ಚು. ರೈಟರ್ ಮೊಬೈಲಿನಲ್ಲಿ ಲೆಕ್ಕ ಹಾಕಿ, "ಎಂಟ್ನೂರ ಎಪ್ಪತ್ತು ರೂಪಾಯಿ ಆಗುತ್ತೆ ಸಾರ್. ಇದಕ್ಕೂ ಎಫ್‌ಐಆರ್ ಹಾಕ್ಬೇಕಾ?" ಎಂದು ನಕ್ಕ.

"ಮೂರೂವರೆ ಲಕ್ಷ," ಎಂದರು ದೂರುದಾರರು. ರೈಟರನ ನಗು ನಿಂತಿತು.

ದೂರುದಾರ ಲಕ್ಷ್ಮೀನರಸಿಂಹಯ್ಯ, ವಯಸ್ಸು 74, ಸೋಮೇಶ್ವರಪುರದ ನಿವಾಸಿ, ಬ್ಯಾಂಕೊಂದರ ವಿದೇಶಿ ಹಣದ ವಿಭಾಗದಲ್ಲಿದ್ದು ನಿವೃತ್ತರಾದವರು. ಹಳೆಯ ಅಮೆರಿಕನ್ ನೋಟುಗಳನ್ನು ಕೂಡಿಡುವುದು ಅವರ ಹವ್ಯಾಸ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಇನ್ಸ್‌ಪೆಕ್ಟರ್ ಹನುಮಂತರಾಜು ಅವರಿಗೆ ಇಂಥ ಅಚ್ಚುಕಟ್ಟಿನ ಮನುಷ್ಯರನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರನ್ನು ಚೆನ್ನಾಗಿ ಯಾಮಾರಿಸಿದವರೆಲ್ಲ ಇಸ್ತ್ರಿ ಅಂಗಿಯವರೇ.

"ಹತ್ತು ಡಾಲರ್‌ಗೆ ಮೂರೂವರೆ ಲಕ್ಷ ಹೆಂಗೆ?"

"ಈಗಿನ ಡಾಲರ್ ಮೇಲೆ ಮುದ್ರೆ ಹಸಿರು ಬಣ್ಣದಲ್ಲಿರುತ್ತೆ. ಇದರದ್ದು ಹಳದಿ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾಗೆ ಹೋದ ಅಮೆರಿಕದ ಸೈನ್ಯಕ್ಕೆ ಅಂತಲೇ ಮುದ್ರಿಸಿದ್ದು. ಶತ್ರುಗಳ ಕೈಗೆ ಸಿಕ್ಕಿಬಿಟ್ರೆ ಆ ಬಣ್ಣದ್ದನ್ನಷ್ಟೇ ರದ್ದು ಮಾಡಬಹುದು ಅಂತ. ಅದರಲ್ಲೂ 1934 ಅನ್ನೋ ಇಸವಿಯ ಪಕ್ಕ ‘ಎ’ ಅಂತ ಸಣ್ಣ ಅಕ್ಷರ ಇದ್ರೆ ಹತ್ತು ಸಾವಿರ. ಇಲ್ದಿದ್ರೆ ಲಕ್ಷಗಟ್ಟಲೆ. ನನ್ನದ್ರಲ್ಲಿ ಇಲ್ಲ."

ಒಂದು ಅಕ್ಷರ ಇಲ್ಲದ್ದಕ್ಕೆ ಲಕ್ಷ ಕೊಡುವ ಜನವೂ ಲೋಕದಲ್ಲಿ ಇದ್ದಾರೆ. ಮೊಕದ್ದಮೆ ಸಂಖ್ಯೆ 47/2025, ಭಾರತೀಯ ನ್ಯಾಯ ಸಂಹಿತೆ ಕಲಂ 305, ವಾಸದ ಮನೆಯಲ್ಲಿ ಕಳ್ಳತನ ಎಂದು ದಾಖಲಾಯಿತು.

ಮಧ್ಯಾಹ್ನ 1 ಗಂಟೆ 30ಕ್ಕೆ ಸ್ಥಳ ಪಂಚನಾಮೆ. ಬೀರುವಿನ ಬೀಗ ಒಡೆದಿರಲಿಲ್ಲ. ಏಳು ಆಲ್ಬಮ್, ನೂರ ಹನ್ನೆರಡು ನೋಟು, ಒಂದೊಂದಕ್ಕೂ ಪ್ಲಾಸ್ಟಿಕ್ ಜೇಬು, ಒಂದೊಂದಕ್ಕೂ ಒಂದು ಕಾರ್ಡು. ಹೋಗಿದ್ದು ಒಂದೇ. ಅದರ ಜಾಗದಲ್ಲಿ ಅದೇ ನೋಟಿನ ಕಲರ್ ಪ್ರಿಂಟನ್ನು ಎರಡೂ ಬದಿ ಸರಿಯಾಗಿ ಕೂರಿಸಿ ಇಡಲಾಗಿತ್ತು. ಎಂದಿನಿಂದ ಅದು ಅಲ್ಲಿದೆ ಎಂದು ಮನೆಯವರಿಗೇ ಗೊತ್ತಿಲ್ಲ. ಹಿಂದಿನ ದಿನ, ಭಾನುವಾರ, ಕುಣಿಗಲ್ಲಿನ ಅಬ್ದುಲ್ ರಶೀದ್ ಎಂಬ ಹಳೆ ನಾಣ್ಯ ನೋಟುಗಳ ವ್ಯಾಪಾರಿ ಬಂದು, ನೋಟನ್ನು ಬೆಳಕಿಗೆ ಹಿಡಿದು, ಇದು ಪ್ರಿಂಟು ಎಂದ ಮೇಲೆಯೇ ಬೆಳಕಿಗೆ ಬಂದದ್ದು.

"ಅವನ ಮೇಲೇ ನನಗೆ ಅನುಮಾನ," ಎಂದರು ಲಕ್ಷ್ಮೀನರಸಿಂಹಯ್ಯ. "ಕೈಗೆ ಕೊಟ್ಟೆ. ಬದಲಾಯಿಸಿಬಿಟ್ಟು ಖೋಟಾ ಅಂತ ವಾಪಸ್ ಕೊಟ್ಟಿರಬೇಕು."

ಹೆಡ್ ಕಾನ್‌ಸ್ಟೆಬಲ್ ಪ್ರೇಮಲತಾ ಆ ಪ್ರಿಂಟನ್ನು ಜಪ್ತಿ ಕವರಿಗೆ ಹಾಕುವ ಮುಂಚೆ ತಿರುಗಿಸಿ ನೋಡಿದರು. ಹಿಂಬದಿಯ ಕಟ್ಟಡದ ಚಿತ್ರದ ಮೇಲೆ ಎಂಟಾಣೆ ಅಗಲದ, ಇಟ್ಟಿಗೆ ಬಣ್ಣದ ಕಲೆ.

"ಸಾರ್, ಅಸಲಿ ನೋಟಲ್ಲೂ ಈ ಕಲೆ ಇತ್ತಾ?"

"ಇತ್ತು. ಹಳೇ ಕಾಗದ ಅಂದ್ಮೇಲೆ ಕಲೆ ಇರುತ್ತೆ."

"ದೂರಲ್ಲಿ ಬರೆದೇ ಇಲ್ವಲ್ಲ?"

"ಮರೆತಿರಬೇಕು."

ನಂಬರು, ಇಸವಿ, ಸಹಿ ಮಾಡಿದವರ ಹೆಸರು, ಮೂಲೆಯ ಮಡಿಕೆ ಎಲ್ಲವನ್ನೂ ಬರೆದವರು ಕಣ್ಣಿಗೆ ರಾಚುವ ಕಲೆಯನ್ನು ಮರೆತಿದ್ದರು. ಜೀಪು ಹತ್ತುವಾಗ ಪ್ರೇಮಲತಾ ಇನ್ಸ್‌ಪೆಕ್ಟರಿಗೆ ಮೆಲ್ಲಗೆ ಹೇಳಿದರು.

"ಸಾರ್, ಅದು ಅರಿಶಿನ. ಬಟ್ಟೆ ಮೇಲೆ ಅರಿಶಿನ ಬಿದ್ದಾಗ ಸೋಪ್ ಹಾಕಿ ಉಜ್ಜಿದ್ರೆ ಹಿಂಗೇ ಕೆಂಪಗಾಗುತ್ತೆ. ಯಾರೋ ಆ ನೋಟನ್ನ ತೊಳ್ದವ್ರೆ."

"ಡಾಲರ್‌ಗೆ ಅರಿಶಿನ ಯಾಕೆ ಬಂತು?"

"ವರಮಹಾಲಕ್ಷ್ಮಿ ಹಬ್ಬಕ್ಕೆ ದುಡ್ಡಿಟ್ಟು ಪೂಜೆ ಮಾಡಲ್ವಾ ಸಾರ್? ಯಾರದೋ ಮನೇಲಿ ಲಕ್ಷ್ಮಿ ಮುಂದೆ ವರ್ಷ ವರ್ಷ ಕೂತಿದ್ದ ನೋಟು ಇದು."

ಮಂಗಳವಾರ ಬೆಳಗ್ಗೆ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದರು. ಬಸ್ ಸ್ಟ್ಯಾಂಡ್ ಹತ್ತಿರ ರಶೀದ್ ಅವರದು ವಾಚ್ ರಿಪೇರಿ ಅಂಗಡಿ. ಅಪ್ಪನ ಕಾಲದ್ದು. ಹಳೆ ನಾಣ್ಯ, ನೋಟು ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ. ಪೊಲೀಸರನ್ನು ಕಂಡು ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯಲಿಲ್ಲ.

"ನನ್ನ ಹೆಸರು ಹೇಳಿರ್ತಾರೆ ಅಂತ ಗೊತ್ತಿತ್ತು."

"ನೀವು ಬದಲಾಯಿಸಿದ್ರಾ?"

"ನೋಟು ನನ್ನ ಕೈಲಿದ್ದಿದ್ದು ಎರಡು ನಿಮಿಷ. ಅವರ ಎದುರಿಗೇ. ಕಲೆ ಸಮೇತ ಪ್ರಿಂಟ್ ಹೊಡೀಬೇಕಂದ್ರೆ ಅಸಲಿ ಮೊದಲೇ ಸಿಗ್ಬೇಕಲ್ಲ ಸಾರ್."

"ಅದು ಪ್ರಿಂಟು ಅಂತ ಹೆಂಗೆ ಹೇಳಿದ್ರಿ?"

ರಶೀದ್ ತಮ್ಮದೇ ಒಂದು ಹಳೆ ಒಂದು ಡಾಲರ್ ನೋಟನ್ನು ತೆಗೆದು ಇನ್ಸ್‌ಪೆಕ್ಟರ್ ಕೈಗಿಟ್ಟರು. "ಹೆಬ್ಬೆಟ್ಟಿಂದ ಸವರಿ. ಶಾಯಿ ಉಬ್ಬಿರೋದು ಗೊತ್ತಾಗುತ್ತೆ. ಈಗ ಗಾಜಲ್ಲಿ ನೋಡಿ, ಕಾಗದದ ಒಳಗೇ ಕೆಂಪು, ನೀಲಿ ನೂಲು. ಪ್ರಿಂಟಲ್ಲಿ ನೂಲು ಮೇಲೆ ಬರೆದಂಗಿರುತ್ತೆ, ಸೂಜಿ ಹಾಕಿದ್ರೆ ಏಳಲ್ಲ. ಮುದ್ರೆ ಬಣ್ಣ, ನಂಬರಿನ ಬಣ್ಣ, ಇಸವಿ, ಸಹಿ ನಾಲ್ಕೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ರೆ ಯಾರೋ ಕೈಯಾಡ್ಸವ್ರೆ ಅಂತ."

"ಮಾರಿದ್ರೆ ಯಾರು ತಗೋತಾರೆ?"

"ಅಲ್ಲೇ ಇರೋದು ಸಾರ್ ವಿಷ್ಯ. ಅದೇ ಬೀರುಲಿ ಬಂಗಾರದ ಬಣ್ಣದ ದೊಡ್ಡ ನೋಟುಗಳಿವೆ, ಬೆಂಗಳೂರಲ್ಲಿ ಸಲೀಸಾಗಿ ಹೋಗ್ತವೆ. ಹಳದಿ ಮುದ್ರೆದು ನನಗೆ ಗೊತ್ತಿರೋ ಹಾಗೆ ಈ ಕಡೆ ಮೂರು ಜನ ಕೊಳ್ಳೋರು. ಮೂವರಿಗೂ ಆ ಕಲೆ ಗೊತ್ತು. ಕದ್ದೋರು ಮಾರಕ್ಕೆ ಕದ್ದಿಲ್ಲ." ರಶೀದ್ ತಮ್ಮ ನೋಟನ್ನು ವಾಪಸ್ ಗಾಜಿನ ಪೆಟ್ಟಿಗೆಗೆ ಇಡುತ್ತಾ ಹೇಳಿದರು, "ತೊಳೆದ ನೋಟಿಗೆ ನಮ್ಮಲ್ಲಿ ಬೆಲೆ ಅರ್ಧಕ್ಕರ್ಧ ಬೀಳುತ್ತೆ. ತೊಳೀದೆ ಇದ್ದಿದ್ರೆ ಏಳು ಲಕ್ಷ. ಎಲ್ಲಿ ತಗೊಂಡ್ರಿ ಅಂತ ಕೇಳಿದ್ರೆ ಅಯ್ಯನವರು ಬೆಂಗಳೂರು ಎಕ್ಸಿಬಿಷನ್ ಅಂತಾರೆ. ಎಕ್ಸಿಬಿಷನ್‌ನೋರು ಅರಿಶಿನ ಹಚ್ತಾರಾ?"

ಬುಧವಾರ ಬೆಳಗ್ಗೆ 10 ಗಂಟೆಗೆ ಲಕ್ಷ್ಮೀನರಸಿಂಹಯ್ಯನವರ ಮನೆಯಲ್ಲಿ ಮತ್ತೆ ವಿಚಾರಣೆ. ಕಾಫಿ ಬಂತು. ಹನುಮಂತರಾಜು ಮುಟ್ಟಲಿಲ್ಲ.

"ಆ ನೋಟಿನ ಕಾರ್ಡ್ ಕೊಡಿ."

ಕಾರ್ಡಿನ ಮೇಲೆ ಮುತ್ತಿನಂಥ ಅಕ್ಷರ. ‘12-8-2009. ಖಾಸಗಿ ಮೂಲ. ಪರೀಕ್ಷಿಸಿದೆ. ಅಸಲಿ.’

"ಎಕ್ಸಿಬಿಷನ್ ಅಂದಿದ್ರಂತೆ. ಇಲ್ಲಿ ಖಾಸಗಿ ಅಂತಿದೆ."

"ಯಾರೋ ತಂದುಕೊಟ್ರು. ಹೆಸರು ನೆನಪಿಲ್ಲ."

"ತೊಳೆದಿದ್ದು ಯಾವ ಸೋಪಲ್ಲಿ ಸಾರ್?" ಎಂದು ಕೇಳಿದರು ಪ್ರೇಮಲತಾ.

ಮುದುಕರು ಕಾಫಿ ಲೋಟ ಕೆಳಗಿಟ್ಟರು. "ಆಗ ನನಗೆ ಅಷ್ಟು ಅನುಭವ ಇರಲಿಲ್ಲ. ಅರಿಶಿನ ಹೋಗಲಿ ಅಂತ ತೊಳೆದೆ. ತಪ್ಪಾಯ್ತು." ಅವರು ತಪ್ಪು ಒಪ್ಪಿಕೊಂಡದ್ದು ಅದೊಂದೇ. ಅದೂ ನೋಟಿನ ವಿಷಯಕ್ಕೆ.

"ಈಚೆಗೆ ಆಲ್ಬಮ್ ಮುಟ್ಟಿದವರು ಯಾರು?"

"ಡಿಸೆಂಬರಲ್ಲಿ ಪ್ರಿಂಟಿಂಗ್ ಅಂಗಡಿಯಿಂದ ಒಬ್ಬಳು ಹೆಣ್ಣುಮಗಳು ಬಂದಿದ್ಳು. ನನ್ನ ಸಂಗ್ರಹದ ಬಗ್ಗೆ ಒಂದು ಪುಸ್ತಕ ಮಾಡಿಸ್ತಿದ್ದೀನಿ. ಹನ್ನೆರಡು ದಿನ ಇಲ್ಲೇ ಕೂತು ಎಲ್ಲಾ ನೋಟು ಸ್ಕ್ಯಾನ್ ಮಾಡಿದ್ಳು. ಬಿಂದುಶ್ರೀ ಅಂತ. ಬಹಳ ಒಳ್ಳೇ ಹುಡುಗಿ, ಅವಳಲ್ಲ."

ಅಂಗಡಿಯ ಮಾಲೀಕ ವಿಳಾಸ ಕೊಟ್ಟ. ಊರು ಗುಬ್ಬಿ. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದಳು, ಜನವರಿಯಿಂದ ರಜೆ, ಅಪ್ಪನಿಗೆ ಹುಷಾರಿಲ್ಲವಂತೆ. ಹನುಮಂತರಾಜು ಗುಬ್ಬಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಅಡವಿಯಪ್ಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮೂರಲ್ಲಿ ಯಾರಾದ್ರೂ ಲಕ್ಷ್ಮಿ ಪೂಜೆಗೆ ಡಾಲರ್ ಇಡೋರಿದ್ರಾ?"

"ಇದ್ರಲ್ಲ ಸಾರ್. ಡಾಲರ್ ಪುಟ್ಟರಂಗಯ್ಯ ಅಂತಲೇ ಹೆಸರು. ಹಬ್ಬದ ದಿನ ಹೆಂಗಸರೆಲ್ಲ ಅರಿಶಿನ ಕುಂಕುಮದ ನೆಪದಲ್ಲಿ ಅದನ್ನ ನೋಡಕ್ಕೇ ಹೋಗೋರು. ಆಮೇಲೆ ಅದೇನೋ ಖೋಟಾ ಅಂತ ಗೊತ್ತಾಗಿ ರಂಪ ಆಯ್ತು. ಮಗ ಬೀದೀಲಿ ನಿಂತು ಅಪ್ಪನ್ನ ಬೈದ. ಮುದುಕ ಅದೇ ಕೊರಗಲ್ಲಿ ಹೋದ. ಬಿಂದು ಅವನ ಮೊಮ್ಮಗಳು ಕಣ್ಸಾರ್."

ಹನುಮಂತರಾಜು ಫೋನ್ ಇಟ್ಟು, ಕಾರ್ಡಿನ ಮೇಲಿದ್ದ ‘ಅಸಲಿ’ ಎಂಬ ಮಾತನ್ನು ಇನ್ನೊಮ್ಮೆ ಓದಿದರು. ಬ್ಯಾಂಕಿನಲ್ಲಿದ್ದ ಮನುಷ್ಯ ಬಾಯಲ್ಲಿ ಏನು ಬೇಕಾದರೂ ಹೇಳಿಯಾನು, ತನ್ನ ಕಾರ್ಡಿನಲ್ಲಿ ತಪ್ಪು ಬರೆಯಲಾರ.

ಫೆಬ್ರವರಿ 13, ಗುರುವಾರ, ಮಧ್ಯಾಹ್ನ 2 ಗಂಟೆ 50 ನಿಮಿಷ. ನೋಟು ಸಿಕ್ಕಿದರೆ ಪರೀಕ್ಷಿಸಲು ರಶೀದ್ ಅವರನ್ನೂ ಕರೆದುಕೊಂಡು ಗುಬ್ಬಿಗೆ ಹೋದರು. ಜಗುಲಿಯ ಮೇಲೆ ಎಪ್ಪತ್ತೈದರ ಆಸುಪಾಸಿನ ಗಂಡಸೊಬ್ಬರು ಕೂತಿದ್ದರು. ಖಾಕಿ ಕಂಡರೂ ಏಳಲಿಲ್ಲ. ಅವರೇ ಬಿಂದುಶ್ರೀಯ ತಂದೆ, ಬೀದಿಯಲ್ಲಿ ನಿಂತು ಬೈದ ಮಗ, ರಾಮಾಂಜಿನಯ್ಯ.

ಬಿಂದುಶ್ರೀ ಒಳಗಿಂದ ಬಂದಳು. ಮೂವತ್ತನಾಲ್ಕು ವರ್ಷ, ಕಣ್ಣಿನ ಕೆಳಗೆ ಕಪ್ಪು. ಯಾಕೆ ಬಂದಿರಿ ಎಂದು ಕೇಳುವ ನಾಟಕ ಮಾಡಲಿಲ್ಲ.

"ಯಾವಾಗ ತಗೊಂಡ್ರಿ?"

"ಡಿಸೆಂಬರ್ ಇಪ್ಪತ್ತೆಂಟು. ಕೊನೇ ದಿನ. ಪ್ರಿಂಟ್ ಹಿಂದಿನ ದಿನವೇ ಅಂಗಡೀಲಿ ತೆಗೆದಿಟ್ಕೊಂಡಿದ್ದೆ."

"ನಿಮ್ಮದೇ ನೋಟು ಅಂತ ಹೆಂಗೆ ಗೊತ್ತಾಯ್ತು?"

"ನಂಬರಿಂದ. ತಾತ ನಮಗೆ ಮಗ್ಗಿ ಹೇಳ್ಕೊಟ್ಟಂಗೆ ಅದನ್ನ ಹೇಳ್ಕೊಟ್ಟಿದ್ರು. ಕೊನೇ ನಾಲ್ಕು ಏಳು ಮೂರು ಒಂದು ಆರು. ಸ್ಕ್ಯಾನರ್ ಮೇಲೆ ಇಟ್ಟಾಗ ಓದ್ದೆ ಸಾರ್. ಅವತ್ತು ಬೇರೆ ಯಾವ್ದೂ ಸ್ಕ್ಯಾನ್ ಮಾಡಕ್ಕಾಗ್ಲಿಲ್ಲ."

ಅವಳು ಹೇಳಿದ್ದನ್ನು ಕಾನ್‌ಸ್ಟೆಬಲ್ ಇಮ್ರಾನ್ ಬರೆದುಕೊಂಡ. ಯುದ್ಧದ ಕಾಲದಲ್ಲಿ ಪುಟ್ಟರಂಗಯ್ಯ ಬೆಂಗಳೂರಿನಲ್ಲಿ ಅಮೆರಿಕನ್ನರ ವಿಮಾನ ರಿಪೇರಿಯಾಗುವ ಕಡೆ ಕೂಲಿಗಿದ್ದ. ಆಫ್ರಿಕಾದಿಂದ ಬಂದ ಸಿಪಾಯಿಯೊಬ್ಬನ ಕಳೆದುಹೋದ ಕೈಗಡಿಯಾರ ಸಿಕ್ಕಿದ್ದನ್ನು ತಂದುಕೊಟ್ಟ. ಅವನು ಈ ನೋಟು ಕೊಟ್ಟು ಕೈ ಕುಲುಕಿದ. ಅಂಕಿ ಬಿಟ್ಟರೆ ಓದು ಬರಹ ಇಲ್ಲದ ಮನುಷ್ಯನಿಗೆ ಬದುಕಿಡೀ ಅದೇ ಸರ್ಟಿಫಿಕೇಟು. 2009ರ ಆಗಸ್ಟಿನಲ್ಲಿ ಬಿಂದುವಿನ ಡಿಪ್ಲೊಮಾ ಸೀಟಿಗೆ ಬೇಕಾದಾಗ ತಾನಾಗಿಯೇ ಮಗನ ಕೈಗೆ ಕೊಟ್ಟು, ತುಮಕೂರಲ್ಲಿ ಬ್ಯಾಂಕಿನ ಸ್ವಾಮಿಗಳೊಬ್ಬರಿಗೆ ಇದರ ಬೆಲೆ ಗೊತ್ತಂತೆ, ತೋರಿಸಿಕೊಂಡು ಬಾ ಎಂದು ಕಳಿಸಿದ.

"ಅವರು ಅಪ್ಪಂಗೆ ಕಾಫಿ ಕೊಟ್ರಂತೆ ಸಾರ್. ಹೊಸ ಡಾಲರ್ ಒಂದು ಪಕ್ಕದಲ್ಲಿಟ್ಟು, ನೋಡಿ, ಅಸಲಿಗೆ ಮುದ್ರೆ ಹಸಿರು, ನಿಮ್ಮದು ಹಳದಿ, ಇದು ಖೋಟಾ ಅಂದ್ರಂತೆ. ಮನೇಲಿ ಇಟ್ಕೊಂಡ್ರೆ ಏಳು ವರ್ಷ ಜೈಲು. ಇಲ್ಲೇ ಬಿಟ್ಟು ಹೋಗಿ, ಸುಟ್ಟು ಹಾಕ್ತೀನಿ, ನಿಮ್ಮ ಹೆಸರು ಯಾರಿಗೂ ಹೇಳಲ್ಲ ಅಂತ. ಅಪ್ಪ ಅವರಿಗೆ ಕೈ ಮುಗಿದು ಬಂದ್ರು."

"ಮನೆಗೆ ಬಂದು?"

ಬಿಂದುಶ್ರೀ ಜಗುಲಿಯ ಕಡೆ ನೋಡಿ ದನಿ ತಗ್ಗಿಸಿದಳು. "ಸಾಯೋ ವಯಸ್ಸಲ್ಲಿ ನನ್ನ ಜೈಲಿಗೆ ಕಳಿಸ್ತಿದ್ದೆ, ಕಳ್ಳನೋಟು ತೋರಿಸ್ಕೊಂಡು ಊರೆಲ್ಲ ಯಾಮಾರಿಸ್ದೆ, ಥೂ, ನೀನೂ ಒಬ್ಬ ಅಪ್ಪನಾ ಅಂದ್ಬಿಟ್ರು. ತಾತ ಒಂದೇ ಮಾತು ಹೇಳಿದ್ದು. ಆ ಗಡಿಯಾರದ ಸಾಹೇಬ ಅಂಥೋನಲ್ಲ ಕಣ್ಲಾ ಅಂತ. ಆಮೇಲೆ ನಾಲ್ಕು ತಿಂಗಳು ಅಪ್ಪನ ಕೈಯಿಂದ ನೀರೂ ಇಸ್ಕೊಳ್ಳಲಿಲ್ಲ. ಹಂಗೇ ಹೋದ್ರು."

"ಗೊತ್ತಾದ ತಕ್ಷಣ ಠಾಣೆಗೆ ಬರಬಹುದಿತ್ತಲ್ಲಮ್ಮ."

"ಬಂದು ಏನು ತೋರಿಸ್ಲಿ ಸಾರ್? ಒಂದು ಚೀಟಿ ಇದೆಯಾ ನಮ್ಮತ್ರ? ನಂಬರ್ ಬಾಯಿಪಾಠ ಬರುತ್ತೆ ಅಂದ್ರೆ ಬರ್ಕೋತಿದ್ರಾ?"

ಹನುಮಂತರಾಜು ಇಮ್ರಾನ್ ಬರೆಯುತ್ತಿದ್ದ ಹಾಳೆಯ ಕಡೆ ನೋಡಿದರು. ಬರೆದುಕೊಳ್ಳುತ್ತಿರಲಿಲ್ಲ ಎಂದು ಅವರಿಗೆ ಗೊತ್ತು.

ದೇವರ ಮನೆಯ ಸ್ಟೀಲ್ ಡಬ್ಬಿಯಿಂದ ಅವಳೇ ನೋಟು ತಂದುಕೊಟ್ಟಳು. 3 ಗಂಟೆ 40ಕ್ಕೆ ಜಪ್ತಿ ಪಂಚನಾಮೆ ಶುರು. ಬೀದಿಯ ಇಬ್ಬರು ಪಂಚರಾದರು. ರಶೀದ್ ಜಗುಲಿಯ ಬೆಳಕಿನಲ್ಲಿ ಕೂತು ಹೆಬ್ಬೆರಳಿನಿಂದ ಸವರಿದರು, ಭೂತಗನ್ನಡಿಯಲ್ಲಿ ನೂಲು ಹುಡುಕಿದರು, ಇಸವಿಯ ಪಕ್ಕ ಅಕ್ಷರವನ್ನು ಯಾರಾದರೂ ಕೆರೆದು ತೆಗೆದಿದ್ದಾರೆಯೇ ಎಂದು ಓರೆ ಮಾಡಿ ನೋಡಿದರು. ಏನೂ ಕೆರೆದಿರಲಿಲ್ಲ.

ಪ್ರೇಮಲತಾ ಬಟ್ಟೆ ಜೋಡಿಸಿಕೊಳ್ಳಲು ಬಿಂದುಶ್ರೀಯನ್ನು ಒಳಗೆ ಕರೆದುಕೊಂಡು ಹೋದರು. ಸೂರ್ಯ ಮುಳುಗುವ ಮುಂಚೆ ಹೆಂಗಸಿನ ದಸ್ತಗಿರಿ ಮುಗಿಯಬೇಕು. ಇಮ್ರಾನ್ ಪಂಚನಾಮೆಯನ್ನು ಜೋರಾಗಿ ಓದಿದ. ಸಹಿಗೆ ಮುಂಚೆ ಎಲ್ಲರೂ ಕೇಳುವಂತೆ ಓದುವುದು ಪದ್ಧತಿ.

"...ಅಮೆರಿಕ ದೇಶದ ಹತ್ತು ಡಾಲರ್ ಮುಖಬೆಲೆಯ, ಹಳದಿ ಮುದ್ರೆಯುಳ್ಳ, 1934ನೇ ಇಸವಿಯ ಅಸಲಿ ನೋಟು ಒಂದು..."

"ಸ್ವಾಮಿ."

ಜಗುಲಿಯ ಮೇಲಿದ್ದ ರಾಮಾಂಜಿನಯ್ಯ. ಬಂದಾಗಿನಿಂದ ಆ ಮನುಷ್ಯ ಆಡಿದ ಮೊದಲ ಮಾತು. ಎದ್ದು ಕಂಬ ಹಿಡಿದುಕೊಂಡು ಇನ್ಸ್‌ಪೆಕ್ಟರ್ ಹತ್ತಿರ ಬಂದರು.

"ಅದನ್ನ ಖೋಟಾ ಅಂತ ಬರ್ಕೊಳಿ ಸ್ವಾಮಿ."

"ಯಜಮಾನ್ರೇ, ಅದು ಅಸಲಿ. ನಿಮ್ಮ ತಂದೆ ಸುಳ್ಳು ಹೇಳಿರಲಿಲ್ಲ."

"ಗೊತ್ತು. ಅವಳು ತಂದು ಕೈಗಿಟ್ಟ ದಿನಾನೇ ಗೊತ್ತಾಯ್ತು. ಅಪ್ಪ ಸುಳ್ಳ ಅಂತ ಹದಿನೈದು ವರ್ಷ ಹೆಂಗೋ ಬದುಕಿಬಿಟ್ಟೆ. ಈಗ ನಾನು ಆಡಿದ್ ಮಾತು ಎಲ್ಲಿಗೆ ತಗೊಂಡೋಗ್ಲಿ? ಖೋಟಾ ಅಂತ ಬರೀರಿ. ಖೋಟಾ ಆದ್ರೆ ನನ್ನ ಮಗಳು ಕದ್ದಂಗೂ ಆಗಲ್ಲ, ನಾನು ಅಪ್ಪನ್ನ ಕೊಂದಂಗೂ ಆಗಲ್ಲ."

ಇಮ್ರಾನ್ ಕೈಯಲ್ಲಿ ಪೆನ್ನು ಹಿಡಿದು ಇನ್ಸ್‌ಪೆಕ್ಟರ್ ಮುಖ ನೋಡಿದ. ಪಂಚರು ನೆಲ ನೋಡಿದರು.

"ಅದು ಆಗಲ್ಲ ಯಜಮಾನ್ರೇ. ಆದ್ರೆ ಒಂದು ಕೆಲಸ ಆಗುತ್ತೆ. ಆ ಬ್ಯಾಂಕಿನ ಮನುಷ್ಯನ ಮೇಲೆ ನೀವೊಂದು ದೂರು ಕೊಡಿ. ಖೋಟಾ ಅಂತ ಹೇಳಿದ ದಿನವೇ ಅಸಲಿ ಅಂತ ಅವನ ಕೈಯಾರೆ ಬರೆದ ಕಾರ್ಡ್ ಇದೆ. ಮೋಸ, ಏಳು ವರ್ಷದ ಕೇಸು. ಅವತ್ತು ಅವನ ಎದುರಿಗೆ ಕೂತಿದ್ದು ನೀವೊಬ್ರೇ. ನೀವೇ ಹೇಳಬೇಕು."

"ಕೋರ್ಟಲ್ಲಿ ನಿಂತು ಅದು ಅಸಲಿ ಅಂತ ನನ್ನ ಬಾಯಲ್ಲಿ ಹೇಳಬೇಕಾ?"

"ಹೇಳಬೇಕು."

"ಆಗಲ್ಲ," ಎಂದರು ರಾಮಾಂಜಿನಯ್ಯ. ಎರಡು ಸಲ ಕೇಳಿದರೂ ಅದೇ ಉತ್ತರ. ಮಗಳ ದಸ್ತಗಿರಿ ಚೀಟಿಗೆ ರಕ್ತಸಂಬಂಧಿ ಎಂಬಲ್ಲಿ ಮಾತ್ರ, ಓದದೆ, ಸಹಿ ಹಾಕಿಕೊಟ್ಟರು. ಹನುಮಂತರಾಜುಗೆ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ. ಇಸ್ತ್ರಿ ಅಂಗಿಯ ಮನುಷ್ಯ ನಾಳೆ ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ, ನೋಟು ಕಳೆದುಕೊಂಡವನು ಅವನೇ ಆದ್ದರಿಂದ, ನೋಟು ಅವನ ಬೀರುವಿಗೇ ಹೋಗುತ್ತದೆ. ತಾವೇ ಅದಕ್ಕೆ ಸಹಿ ಹಾಕಬೇಕು.

4 ಗಂಟೆ 40 ನಿಮಿಷಕ್ಕೆ ದಸ್ತಗಿರಿ. ಬಿಂದುಶ್ರೀ ಅಪ್ಪನ ಕಾಲು ಮುಟ್ಟಿದಳು. ಅವರು ಮುಖ ತಿರುಗಿಸಿದರು. ಬೀದಿಯ ಜನ ಬಾಗಿಲಲ್ಲಿ ನಿಂತು ನೋಡಿದರು.

ಜೀಪು ಗುಬ್ಬಿ ದಾಟಿ ತುಮಕೂರಿನ ದಾರಿಗೆ ಬಿದ್ದ ಮೇಲೆ ಹಿಂದಿನ ಸೀಟಿನಿಂದ ಅವಳು ಕೇಳಿದಳು.

"ಸಾರ್, ನೋಟು ಮಾರಿದ್ರೆ ನಂಗೆ ಲಕ್ಷಗಟ್ಟಲೆ ಬರೋದು. ಅದು ಗೊತ್ತಿತ್ತು. ನಂಗೆ ಬೇಕಾಗಿದ್ದು ಅದಲ್ಲ. ತಾತ ಸುಳ್ಳಲ್ಲ ಅಂತ ಅಪ್ಪಂಗೆ ಒಂದ್ಸಲ ಗೊತ್ತಾಗ್ಬೇಕಿತ್ತು, ಅಷ್ಟೇ. ಕೈಗೆ ಕೊಟ್ಟ ದಿನದಿಂದ ನನ್ನತ್ರ ಒಂದು ಮಾತೂ ಆಡಿಲ್ಲ. ಕದ್ದಿದ್ದಕ್ಕೆ ಕೋಪ ಅಂದ್ಕೊಂಡೆ. ನಾನು ಒಳಗಿದ್ದಾಗ ನಿಮ್ಮತ್ರ ಏನೋ ಅಂದ್ರಲ್ಲ, ಏನಂದ್ರು?"

ಪ್ರೇಮಲತಾ ಇನ್ಸ್‌ಪೆಕ್ಟರ್ ಕಡೆ ನೋಡಿದರು. ಹನುಮಂತರಾಜು ಹಿಂದೆ ತಿರುಗಲಿಲ್ಲ.

"ಸಮಾಧಾನ ಆಯ್ತು ಅಂದ್ರು," ಎಂದರು. "ಮಗಳು ನಮ್ಮಪ್ಪನ ಮರ್ಯಾದೆ ಉಳಿಸಿದ್ಳು ಅಂದ್ರು."

ಬಿಂದುಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ವರ್ಷದ ಭಾರ ಇಳಿದವರು ಅಳುವ ಅಳು ಅದು.